ಸ್ವಿಂಗ್: ಕಟ್ಟಿದ್ದು ಎಲ್ಲಿ, ತೂಗುವುದು ಹೇಗೆ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಒಂದೇ ಒಂದು ಇಂಗ್ಲಿಷ್ ಪದ ಹಿಡಿದುಕೊಂಡು ಮಾತಾಡೋಣ. ಸ್ವಿಂಗ್. ಕ್ರಿಕೆಟ್ ಕಾಮೆಂಟರಿ ಕೇಳುವವರಿಗೆ ಗೊತ್ತು, ಚುನಾವಣೆ ಸುದ್ದಿ ನೋಡುವವರಿಗೆ ಗೊತ್ತು, ಪಾರ್ಕಿಗೆ ಓಡುವ ಮಕ್ಕಳಿಗಂತೂ ಚೆನ್ನಾಗಿ ಗೊತ್ತು. ಅರ್ಥ ಏನು ಅಂತ ಕೇಳಿದರೆ ‘ತೂಗಾಡುವುದು’ ಎಂದು ಥಟ್ಟನೆ ಹೇಳಿಬಿಡುತ್ತೇವೆ. ಕಷ್ಟ ಶುರುವಾಗುವುದು ಅನುವಾದಕ್ಕೆ ಕೂತಾಗ.

ನಿಘಂಟು ತೆರೆದು ನೋಡಿ. ಸ್ವಿಂಗ್ ಜೊತೆಗೆ ಸ್ವೇ, ರಾಕ್, ವಾಬಲ್, ರೀಲ್, ಆಸಿಲೇಟ್ ಎಲ್ಲವೂ ಸಾಲಾಗಿ ನಿಂತಿರುತ್ತವೆ. ಯಾವುದನ್ನು ಎತ್ತಿಕೊಂಡರೂ ನಡೆಯುತ್ತದೆ ಅನ್ನುವ ಹಾಗೆ. ಆದರೆ ನಡೆಯುವುದಿಲ್ಲ. ಮರ ಗಾಳಿಗೆ ‘ಸ್ವಿಂಗ್’ ಆಗುತ್ತಿದೆ ಎಂದರೆ ಇಂಗ್ಲಿಷ್ ಬಲ್ಲವರು ತಿರುಗಿ ನೋಡುತ್ತಾರೆ, ಮರವನ್ನು ಯಾರಾದರೂ ತಲೆಕೆಳಗಾಗಿ ನೇತುಹಾಕಿದ್ದಾರಾ ಅಂತ.

ನಾನು ಇಂಥ ಕಡೆ ಕೇಳಿಕೊಳ್ಳುವ ಪ್ರಶ್ನೆ ಒಂದೇ. ಅಲುಗಾಡುವ ವಸ್ತುವನ್ನು ಕಟ್ಟಿರುವುದು ಎಲ್ಲಿ?

ಮೇಲೆ ಕಟ್ಟಿ ಕೆಳಗೆ ಬಿಟ್ಟಿದ್ದರೆ ಅದು ಸ್ವಿಂಗ್. ಉಯ್ಯಾಲೆ, ಗೋಡೆ ಗಡಿಯಾರದ ಲೋಲಕ, ಹೆಗಲಿಂದ ಇಳಿಬಿದ್ದ ಕೈ. ಒಂದು ಬದಿಗೆ ಕೀಲು ಹಾಕಿದ ಬಾಗಿಲೂ ಇದೇ ಗುಂಪಿಗೆ ಸೇರುತ್ತದೆ. ಕನ್ನಡದಲ್ಲಿ ತೂಗು, ನೇತಾಡು, ಜೋತಾಡು. ಉಯ್ಯಾಲೆಯನ್ನು ಮೈಯ ಬಲದಿಂದ ಮುಂದೆ ನೂಕುವುದಕ್ಕೆ ಜೀಕು ಎಂಬ ಸೊಗಸಾದ ಪದ ಬೇರೆ ಇದೆ. ಅಷ್ಟು ಚಿಕ್ಕದಾಗಿ ಅದೇ ಮಾತನ್ನು ಹೇಳುವ ಇಂಗ್ಲಿಷ್ ಪದ ನನಗಂತೂ ಸಿಕ್ಕಿಲ್ಲ.

ಕಟ್ಟು ಕೆಳಗಿದ್ದು ಮೇಲುಗಡೆ ಸಡಿಲವಾಗಿದ್ದರೆ ಸ್ವೇ. ತೆನೆ, ಮರ, ಬಳ್ಳಿ, ನಿಂತಲ್ಲೇ ಹಾಡಿಗೆ ಓಲಾಡುವ ಮನುಷ್ಯ. ಇಲ್ಲಿ ಕನ್ನಡ ಇಂಗ್ಲಿಷಿಗಿಂತ ಶ್ರೀಮಂತ. ತೆನೆ ತೊನೆಯುತ್ತದೆ, ಬಳ್ಳಿ ಬಳುಕುತ್ತದೆ, ಗೋಡೆ ವಾಲುತ್ತದೆ. ಈ ಮೂರನ್ನು ಅದಲುಬದಲು ಮಾಡಿ ನೋಡಿ, ಗೋಡೆ ಬಳುಕಿತು ಅಂತ ಹೇಳಿ. ನಗು ಬರುತ್ತದೆ ಅಲ್ವಾ? ಸ್ವೇ ಪದಕ್ಕೆ ಹಿಡಿತ, ಪ್ರಭಾವ ಎಂಬ ಅರ್ಥವೂ ಇದೆ. ಇನ್ನೊಬ್ಬರನ್ನು ತನ್ನ ಕಡೆಗೆ ಬಾಗಿಸುವುದು ಎಂದುಕೊಂಡರೆ ಇದು ನೆನಪಿನಲ್ಲಿ ಉಳಿಯುತ್ತದೆ.

ಸ್ವೇ ಮತ್ತು ಸ್ವಿಂಗ್ ಎರಡೂ ಒಂದೇ ಸೂರಿನಡಿ ನಡೆಯುವ ಜಾಗ ಒಂದಿದೆ. ತೈವಾನಿನ ರಾಜಧಾನಿಯಲ್ಲಿರುವ ತೈಪೆ 101 ಕಟ್ಟಡ. ಎತ್ತರ 508 ಮೀಟರ್. ಅಷ್ಟು ಎತ್ತರದ ಕಟ್ಟಡ ಬಿರುಗಾಳಿಗೆ ಮರದ ಹಾಗೆ ಓಲಾಡಲೇಬೇಕು. ಬುಡ ನೆಲದಲ್ಲಿದೆ, ತಲೆ ಗಾಳಿಯಲ್ಲಿದೆ, ಹಾಗಾಗಿ ಸ್ವೇ. ಅದನ್ನು ತಗ್ಗಿಸಲು ಮೇಲಿನ ಮಹಡಿಗಳ ನಡುವೆ ಸುಮಾರು 660 ಟನ್ ತೂಕದ ಉಕ್ಕಿನ ಗುಂಡನ್ನು ದಪ್ಪ ಹಗ್ಗಗಳಿಂದ ತೂಗುಹಾಕಿದ್ದಾರೆ. ಹಗ್ಗವೂ ಉಕ್ಕಿನದೇ. ಕಟ್ಟಡ ಒಂದು ಕಡೆ ಸರಿದರೆ ಈ ಭಾರದ ಗುಂಡು ತಡವಾಗಿ ಹಿಂಬಾಲಿಸುತ್ತದೆ, ತಡವಾಗಿದ್ದಕ್ಕೇ ಕಟ್ಟಡವನ್ನು ಹಿಂದಕ್ಕೆ ಎಳೆಯುತ್ತದೆ. ಕಟ್ಟಡದ್ದು ಸ್ವೇ, ಗುಂಡಿನದು ಸ್ವಿಂಗ್. ಎರಡು ಪದಗಳ ವ್ಯತ್ಯಾಸ ಹೇಳಿಕೊಡಲು ಇದಕ್ಕಿಂತ ದೊಡ್ಡ ಪಾಠೋಪಕರಣ ಬೇಕಿಲ್ಲ.

ಇನ್ನು ಎಲ್ಲೂ ಕಟ್ಟಿಲ್ಲ, ಅಡಿಯೇ ಗುಂಡಗಿದೆ ಅಂದರೆ ರಾಕ್. ಬಂಡೆ ಎಂಬ ಅರ್ಥದ ರಾಕ್‌ಗೂ ಇದಕ್ಕೂ ನಂಟಿಲ್ಲ, ಕಾಗುಣಿತ ಮಾತ್ರ ಒಂದೇ. ತೊಟ್ಟಿಲ ವಿಷಯಕ್ಕೆ ಬಂದಾಗ ಇದು ಸ್ಪಷ್ಟವಾಗುತ್ತದೆ. ಇಂಗ್ಲಿಷಿನವರ ಹಳೆಯ ತೊಟ್ಟಿಲು ನೆಲದ ಮೇಲೆ ಬಾಗಿದ ಕಾಲುಗಳ ಮೇಲೆ ಕೂತಿರುತ್ತದೆ, ಹಾಗಾಗಿ ಅದನ್ನು ರಾಕ್ ಮಾಡುತ್ತಾರೆ. ನಮ್ಮದು ಹಗ್ಗಕ್ಕೋ ಸರಪಳಿಗೋ ತೂಗುಬಿದ್ದಿರುತ್ತದೆ, ಹಾಗಾಗಿ ತೂಗುತ್ತೇವೆ. ಕೆಲಸ ಒಂದೇ, ಕ್ರಿಯಾಪದ ಬೇರೆ.

ಹೆಜ್ಜೆ ನಿಲ್ಲದೆ ತೂರಾಡುವುದು ರೀಲ್. ಸಡಿಲಾದ ಚಕ್ರದ ಆಟ ವಾಬಲ್. ಇವೆರಡರಲ್ಲಿ ಗೊಂದಲ ಜಾಸ್ತಿ ಇಲ್ಲ, ಮುಂದೆ ಹೋಗೋಣ.

ನನಗೆ ಹೆಚ್ಚು ಖುಷಿ ಕೊಡುವುದು ಈ ಪದದ ಹುಟ್ಟು. ಹಳೆಯ ಇಂಗ್ಲಿಷಿನಲ್ಲಿ ‘ಸ್ವಿಂಗನ್’ ಎಂದರೆ ತೂಗುವುದಲ್ಲ, ಹೊಡೆಯುವುದು. ಚಾವಟಿ ಬೀಸಿ ಬಾರಿಸುವುದು. ಬೀಸುವ ಕೈಯ ಚಲನೆ ಉಳಿದುಕೊಂಡಿತು, ಏಟು ಮರೆಯಾಯಿತು, ನಿಧಾನವಾಗಿ ಅತ್ತಿತ್ತ ಆಡುವುದಕ್ಕೆ ಆ ಹೆಸರು ಅಂಟಿತು. ಬಾಕ್ಸಿಂಗ್, ಗಾಲ್ಫ್ ಆಡುವವರ ಮಾತಿನಲ್ಲಿ ಮಾತ್ರ ಆ ಹಳೆಯ ಬೀಸು ಇವತ್ತಿಗೂ ಹಾಗೇ ಇದೆ. ವಿಚಿತ್ರ ಅನಿಸಿತಾ? ನಮ್ಮ ‘ಹೊಯ್ದಾಟ’ ನೋಡಿ. ಹೊಯ್ ಎಂದರೆ ಹೊಡೆ. ಹುಲಿಯ ಮುಂದೆ ನಿಂತ ಸಳನ ಕತೆ ನೆನಪಿದೆಯಲ್ಲ, ಅದೇ ಹೊಯ್. ಹೊಯ್ದಾಡು ಎಂದರೆ ಮೊದಲು ಒಬ್ಬರನ್ನೊಬ್ಬರು ಹೊಡೆದಾಡುವುದು. ಈಗ ದೋಣಿಯೂ ಹೊಯ್ದಾಡುತ್ತದೆ, ದೀಪವೂ ಹೊಯ್ದಾಡುತ್ತದೆ, ಮನಸ್ಸೂ ಹೊಯ್ದಾಡುತ್ತದೆ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಏಟಿನಿಂದಲೇ ಹೊರಟು ತೂಗಾಟಕ್ಕೆ ಬಂದು ತಲುಪಿವೆ.

‘ತೂಗು’ ಪದದ್ದು ಇನ್ನೊಂದು ದಾರಿ. ತೂಗು ಎಂದರೆ ಉಯ್ಯಾಲೆಯನ್ನೂ ತೂಗು, ಅಕ್ಕಿಯನ್ನೂ ತೂಗು. ಒಂದೇ ಪದಕ್ಕೆ ಎರಡು ಕೆಲಸ ಯಾಕೆ? ತಕ್ಕಡಿಯನ್ನು ಮೇಲೆ ಹಿಡಿದಾಗ ತಟ್ಟೆಗಳು ಇಳಿಬಿದ್ದು ಆಡುತ್ತವಲ್ಲ, ಅದಕ್ಕೇ. ಲ್ಯಾಟಿನ್ನಿನಲ್ಲೂ ನೇತಾಡು ಮತ್ತು ತೂಕ ಹಾಕು ಎಂಬ ಎರಡು ಕ್ರಿಯಾಪದಗಳು ಒಂದೇ ಬೇರಿನವು. ಒಂದು ಕವಲಿನಿಂದ ಪೆಂಡುಲಮ್ ಬಂತು, ಇನ್ನೊಂದರಿಂದ ಪೆನ್ಷನ್ ಬಂತು. ಹಣವನ್ನು ತೂಗಿ ಕೊಡುತ್ತಿದ್ದ ಕಾಲದ ಪದ ಅದು.

ಪೆಂಡುಲಮ್ ಅಂದೆ. ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್ 1656ರಲ್ಲಿ ಅದನ್ನು ಗಡಿಯಾರಕ್ಕೆ ಜೋಡಿಸಿದರು. ಯಾಕೆ ಜೋಡಿಸಬಹುದು ಅಂದರೆ, ಸಣ್ಣದಾಗಿ ತೂಗುವಾಗ ಹೋಗಿಬರುವ ಸಮಯ ಉದ್ದದ ಮೇಲೆ ನಿಂತಿದೆ, ತೂಕದ ಮೇಲಲ್ಲ. ಒಂದು ಮೀಟರ್ ದಾರಕ್ಕೆ ಕಲ್ಲು ಕಟ್ಟಿ ಬಿಡಿ, ಹೋಗಿ ಬರಲು ಹೆಚ್ಚುಕಡಿಮೆ 2 ಸೆಕೆಂಡು. ಕಲ್ಲು ಬದಲಿಸಿ ಕಬ್ಬಿಣ ಕಟ್ಟಿ, ಅದೇ 2 ಸೆಕೆಂಡು. ತೂಕಕ್ಕೂ ತೂಗಾಟಕ್ಕೂ ಭಾಷೆ ಕಟ್ಟಿದ ಗಂಟನ್ನು ಭೌತವಿಜ್ಞಾನ ಬಂದು ಬಿಚ್ಚಿಬಿಟ್ಟಿತು.

ಈಗ ಕ್ರಿಕೆಟ್ಟಿಗೆ ಬನ್ನಿ. ಇಲ್ಲಿ ಸ್ವಿಂಗ್ ಆದ ಚೆಂಡು ವಾಪಸ್ ಬರುವುದೇ ಇಲ್ಲ! ಗಾಳಿಯಲ್ಲಿ ಒಂದು ಕಡೆಗೆ ಬಾಗಿ ಹೊರಟುಹೋಗುತ್ತದೆ. ಹಾಗಾಗಿ ತೂಗು ಇಲ್ಲಿ ಕೆಲಸಕ್ಕೆ ಬಾರದು. ಬೌಲರ್ ಚೆಂಡಿನ ಹೊಲಿಗೆಯನ್ನು ಸ್ವಲ್ಪ ಓರೆಯಾಗಿ ಹಿಡಿದು, ಒಂದು ಬದಿಯನ್ನು ಉಜ್ಜಿ ಹೊಳಪು ಉಳಿಸಿಕೊಳ್ಳುತ್ತಾನೆ. ಹೊಲಿಗೆಯ ಬದಿಯಲ್ಲಿ ಗಾಳಿ ಚೆಂಡಿನ ಮೈಗೆ ಹೆಚ್ಚು ದೂರ ಅಂಟಿಕೊಂಡು ಸಾಗುತ್ತದೆ, ಚೆಂಡು ಆ ಕಡೆಗೆ ಸರಿಯುತ್ತದೆ. ಹಳೆಯದಾದ ಚೆಂಡನ್ನು ಬಹಳ ವೇಗವಾಗಿ ಎಸೆದರೆ ಇದು ತಿರುವುಮುರುವಾಗುತ್ತದೆ, ಅದು ರಿವರ್ಸ್ ಸ್ವಿಂಗ್. ಕೆಲವರು ಸ್ವಿಂಗನ್ನು ‘ತಿರುವು’ ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ತಿರುವು ಸ್ಪಿನ್ನರುಗಳ ಆಸ್ತಿ, ಚೆಂಡು ನೆಲಕ್ಕೆ ಬಿದ್ದ ಮೇಲಿನದು. ಸುಮ್ನೆ ಸ್ವಿಂಗ್ ಅಂತಲೇ ಬಿಡುವುದು ಒಳ್ಳೆಯದು.

ಚುನಾವಣೆಯಲ್ಲಿ ಮಾತ್ರ ಅದು ನಿಜವಾದ ಉಯ್ಯಾಲೆ. ಅಮೆರಿಕದ ಪೆನ್ಸಿಲ್ವೇನಿಯ, ಮಿಷಿಗನ್, ವಿಸ್ಕಾನ್ಸಿನ್ ರಾಜ್ಯಗಳು ಅಧ್ಯಕ್ಷರ ಆಯ್ಕೆಯಲ್ಲಿ 2016ರಲ್ಲಿ ಟ್ರಂಪ್ ಕಡೆ ಹೋದವು, 2020ರಲ್ಲಿ ಬೈಡನ್ ಕಡೆ ಬಂದವು, 2024ರಲ್ಲಿ ಮತ್ತೆ ಟ್ರಂಪ್ ಕಡೆ. ಇಂಥವುಗಳಿಗೇ ಸ್ವಿಂಗ್ ಸ್ಟೇಟ್ ಎನ್ನುವುದು.

1930ರ ದಶಕದಲ್ಲಿ ಅಮೆರಿಕದಲ್ಲಿ ಜನಪ್ರಿಯವಾದ ಜಾಝ್ ಸಂಗೀತಕ್ಕೂ ಸ್ವಿಂಗ್ ಎಂದೇ ಹೆಸರು. ಬರಹದಲ್ಲಿ ಸಮನಾಗಿ ಕಾಣುವ ಎರಡು ಸ್ವರಗಳಲ್ಲಿ ಮೊದಲನೆಯದನ್ನು ಉದ್ದ, ಎರಡನೆಯದನ್ನು ಗಿಡ್ಡ ಮಾಡಿ ನುಡಿಸುತ್ತಾರೆ. ಆ ಕುಂಟು ನಡಿಗೆಗೆ ಮೈ ತಾನಾಗಿ ಓಲಾಡುತ್ತದೆ.

ಮನಸ್ಸಿನ ಮಾತು ಬಿಟ್ಟರೆ ಹೇಗೆ? ಮೂಡ್ ಸ್ವಿಂಗ್ ಎಂಬುದಕ್ಕೆ ಕೆಲವರು ‘ಡೋಲಾಯಮಾನ’ ಬಳಸುತ್ತಾರೆ. ಡೋಲಾ ಎಂದರೆ ಉಯ್ಯಾಲೆ, ಸರಿ. ಆದರೆ ಆ ಪದ ಹೇಳುವುದು ಅದೋ ಇದೋ ತೀರ್ಮಾನಿಸಲಾಗದ ಸ್ಥಿತಿಯನ್ನು. ಬೆಳಿಗ್ಗೆ ನಗು, ಮಧ್ಯಾಹ್ನ ಸಿಡುಕು, ಸಂಜೆ ಮೌನ ಅನ್ನುವುದಕ್ಕೆ ನಾವು ಹೇಳುವುದು ಏರಿಳಿತ. ಇಂಗ್ಲಿಷಿನ ಮನಸ್ಸು ಅಕ್ಕಪಕ್ಕ ತೂಗಿದರೆ ಕನ್ನಡದ ಮನಸ್ಸು ಮೇಲೆ ಕೆಳಗೆ ಹೋಗುತ್ತದೆ.

ಕೊನೆಗೆ ಉಳಿದದ್ದು ಫುಲ್ ಸ್ವಿಂಗ್. ಕೆಲಸ ಫುಲ್ ಸ್ವಿಂಗಲ್ಲಿದೆ ಎಂದು ಮಾತಿನಲ್ಲಿ ಹಾಗೇ ಹೇಳುತ್ತೇವೆ, ಪತ್ರಿಕೆಗಳು ‘ಭರದಿಂದ ಸಾಗಿದೆ’ ಎಂದು ಬರೆಯುತ್ತವೆ. ಭರ ಎಂದರೆ ಮೂಲದಲ್ಲಿ ಏನು ಗೊತ್ತಾ? ಭಾರ. ಉಯ್ಯಾಲೆಯಿಂದ ಇಳಿದು ಇಷ್ಟು ದೂರ ಬಂದರೂ ತಕ್ಕಡಿ ನಮ್ಮನ್ನು ಬಿಡಲಿಲ್ಲ ನೋಡಿ.

ನಮಸ್ಕಾರ.