ಗುಹೆ ಬಿಡಿ, ಎದುರಿನ ಗುಡ್ಡ ಹತ್ತೋಣ

ಬಾದಾಮಿಗೆ ಬಂದವರು ಗುಹೆ ನೋಡಿ, ಕೆರೆ ಮುಂದೆ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ನಾನೂ ಎರಡು ಸಲ ಹಾಗೇ ಮಾಡಿದ್ದೆ. ಈ ಸಲ ಎದುರಿನ ಗುಡ್ಡ, ಅಂದರೆ ಉತ್ತರದ ಕೋಟೆ. ಸೌತೆಕಾಯಿ ಮಾರುವ ಅಮ್ಮ ಮೊದಲೇ ಹೇಳಿದ್ದರು: "ಮ್ಯಾಲೆ ನೀರು ಸಿಗಂಗಿಲ್ರಿ, ಇಲ್ಲೇ ತಗೊಂಡು ಹೋಗ್ರಿ." ನಾನು ಒಂದೇ ಬಾಟಲಿ ತಂದೆ. ಮೇ ತಿಂಗಳ ಬಿಸಿಲು, ಅರ್ಧ ದಾರಿಗೇ ಖಾಲಿ.

1786ರಲ್ಲಿ, ಇದೇ ಮೇ ತಿಂಗಳಲ್ಲಿ, ಮರಾಠರು ಮತ್ತು ನಿಜಾಮ ಸೇರಿ ಈ ಊರನ್ನು ಮುತ್ತಿದ್ದರು. ಒಳಗೆ ಟಿಪ್ಪು ಸುಲ್ತಾನನ ಮೂರು ಸಾವಿರಕ್ಕೂ ಹೆಚ್ಚು ಸೈನಿಕರು. ಸುಮಾರು ಮೂರು ವಾರ ತಡೆದರು. ಊರಿನ ಗೋಡೆ ಬಿದ್ದ ಮೇಲೆ ಗುಡ್ಡ ಹತ್ತಿ, ಮೇಲಿಂದ ಬಂಡೆ ಉರುಳಿಸಿದರು. ಈ ಸೀಳು ನೋಡಿ. ಎರಡೂ ಕಡೆ ಕೆಂಪು ಬಂಡೆ. ಇಲ್ಲಿ ತಲೆ ಮೇಲೆ ಕಲ್ಲು ಬಂದರೆ ಪಕ್ಕಕ್ಕೆ ಸರಿಯೋಕೆ ಜಾಗ ಎಲ್ಲಿದೆ? ಕೊನೆಗೆ ಜೀವ ಉಳಿಸುವ ಮಾತಿನ ಮೇಲೆ ಕೋಟೆ ಬಿಟ್ಟುಕೊಟ್ಟರು.

ಜಗಳ ಶುರುವಾಗಿದ್ದು ನರಗುಂದದಲ್ಲಿ. ಟಿಪ್ಪು ಕಪ್ಪ ಜಾಸ್ತಿ ಕೇಳಿದ, ಅಲ್ಲಿ ಆಳುತ್ತಿದ್ದ ದೇಸಾಯಿ ಪುಣೆಯ ಮರಾಠರ ಕಡೆ ನೋಡಿದ, 1785ರಲ್ಲಿ ಮೈಸೂರು ಪಡೆ ನರಗುಂದ ಹಿಡಿಯಿತು. ಬಾದಾಮಿ ಆದಮೇಲೆ ಯುದ್ಧ ಆದೋನಿ, ಸವಣೂರಿನ ಕಡೆ ಹೋಯಿತು. ತುಂಬಿ ಹರಿಯುವ ತುಂಗಭದ್ರೆಯನ್ನು ಟಿಪ್ಪು ಹರಿಗೋಲಿನಲ್ಲೇ ದಾಟಿದ. ಮರಾಠರು ಇದನ್ನು ನಿರೀಕ್ಷಿಸಿರಲೇ ಇಲ್ಲ.

1787ರಲ್ಲಿ ಗಜೇಂದ್ರಗಡದಲ್ಲಿ ಒಪ್ಪಂದ ಆಯಿತು. ಬಾದಾಮಿ ಮರಾಠರಿಗೆ, ಜೊತೆಗೆ 48 ಲಕ್ಷ ರೂಪಾಯಿ. ತಮಾಷೆ ಅಂದರೆ, ಕಡೆಕಡೆಗೆ ಕದನದಲ್ಲಿ ಮೇಲುಗೈ ಇದ್ದವನೇ ದುಡ್ಡು ಕೊಟ್ಟ. ಟಿಪ್ಪುವಿಗೆ ಇಂಗ್ಲಿಷರ ಬಗ್ಗೆ ಚಿಂತೆ ಅಷ್ಟಿತ್ತು.

ಆ 48 ಲಕ್ಷ ಪುಸ್ತಕದಲ್ಲಿದೆ. ನನಗೆ ಇಲ್ಲಿ ನಿಂತಾಗ ಹೊಳೆದಿದ್ದು ಬೇರೆ ಲೆಕ್ಕ. ಈ ಗುಂಡನೆಯ ಕಟ್ಟಡ ಧಾನ್ಯದ ಕಣಜ. ಇದಕ್ಕೆ ತುಂಬಿದ ಜೋಳ ಯಾರ ಹೊಲದ್ದು? ಇನ್ನು ಹೊರಗೆ ಬೀಡುಬಿಟ್ಟವರ ಸಾವಿರಾರು ಕುದುರೆ. ಮೇ ತಿಂಗಳಲ್ಲಿ ಈ ಸೀಮೆಯಲ್ಲಿ ಹಸಿರು ಹುಲ್ಲು ಎಲ್ಲಿ ಬರಬೇಕು? ಇರೋದು ರೈತ ಒಟ್ಟಿಟ್ಟ ಕಣಿಕೆಯ ಬಣವೆ ಮಾತ್ರ. ಮಳೆ ಬೀಳೋವರೆಗೆ ಅವನ ಎತ್ತುಗಳಿಗೆ ಅದೇ ಮೇವು. ಅದು ಹೋದರೆ ಎತ್ತು ಹೋಯಿತು, ಎತ್ತು ಹೋದರೆ ಆ ವರ್ಷದ ಬಿತ್ತನೆ ಹೋಯಿತು. ಇದನ್ನು ಗಜೇಂದ್ರಗಡದಲ್ಲಿ ಯಾರು ಕಟ್ಟಿಕೊಟ್ಟರು ಹೇಳಿ?

ಅಷ್ಟಕ್ಕೇ ಮುಗಿಯಲೂ ಇಲ್ಲ. 1790ರಲ್ಲಿ ಮರಾಠರು ಇಂಗ್ಲಿಷರ ಜೊತೆ ಮತ್ತೆ ಬಂದರು. ಈ ಸಲ ಧಾರವಾಡ. ಮುತ್ತಿಗೆ ಆರು ತಿಂಗಳಿಗೂ ಜಾಸ್ತಿ ನಡೆಯಿತು.

ಸರಿ, ನನಗೆ ಬಾಯಿ ಒಣಗಿದೆ. ಕೆಳಗಿಳಿದು ಆ ಅಮ್ಮನ ಹತ್ತಿರ ಬೈಸಿಕೊಂಡು, ಎರಡು ಸೌತೆಕಾಯಿ ತಿಂದು ಬರುತ್ತೇನೆ.