ನಿಂಬೆಹಣ್ಣು, ಕಡಲೆಕಾಳು ಮತ್ತು ಚಂದ್ರನ ಹಾದಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಮಗೆ ‘ಪಥ’ ಎಂಬ ಪದ ಬಹಳ ಸಲೀಸಾಗಿ ಬಾಯಿಗೆ ಬರುತ್ತದೆ. ಎಸೆದ ಕಲ್ಲಿನ ಪಥ ಪರವಲಯ ಎಂದು ಹೇಳಿ, ಕರಿಹಲಗೆಯ ಮೇಲೆ ಕಮಾನಿನಂಥ ಒಂದು ಗೆರೆ ಎಳೆದು, ಎರಡು ಸೂತ್ರ ಬರೆದು ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ನಾನೂ ಹಲವು ವರ್ಷ ಹಾಗೆಯೇ ಮಾಡಿದೆ. ಆದರೆ ಆ ಗೆರೆಯನ್ನು ಮಕ್ಕಳು ಏನೆಂದು ತಿಳಿದುಕೊಳ್ಳುತ್ತಾರೆ ಎಂಬುದು ನನಗೆ ಅರಿವಾದದ್ದು 2023ರ ಜುಲೈ ತಿಂಗಳಲ್ಲಿ, ಚಂದ್ರಯಾನ-3 ಭೂಮಿಯನ್ನು ಸುತ್ತುತ್ತಿದ್ದ ದಿನಗಳಲ್ಲಿ.

ಜುಲೈ 14ರ ಮಧ್ಯಾಹ್ನ ಶ್ರೀಹರಿಕೋಟಾದಿಂದ ನೌಕೆ ಹೊರಟ ಮೇಲೆ, ಪತ್ರಿಕೆಯಲ್ಲಿ ಬರುವ ಅಂಕಿಗಳನ್ನು ದಿನವೂ ತರಗತಿಯ ಗೋಡೆಯ ಮೇಲೆ ಬರೆದಿಡುವ ಕೆಲಸವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಪ್ಪಿಸಿದ್ದೆ. ಭೂಮಿಯಿಂದ ಅತಿ ದೂರದ ಬಿಂದು ಜುಲೈ 15ರಂದು 41,762 ಕಿಲೋಮೀಟರ್, ಜುಲೈ 20ರಂದು 71,351, ಜುಲೈ 25ರಂದು 1,27,603. ಅತಿ ಹತ್ತಿರದ ಬಿಂದು ಮಾತ್ರ ಇನ್ನೂರರ ಆಸುಪಾಸಿನಲ್ಲಿಯೇ ಇತ್ತು. ಇದನ್ನು ನೋಡಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ, ಅಷ್ಟ ದೂರ ಹೋಗಿದ್ದು ಮತ್ತ ಹಿಂದಕ್ಕ ಯಾಕ ಬರತೈತ್ರಿ? ಹಂಗ ಮುಂದ ಹೋಗಬಾರದೇನ್ರಿ?”

ಅವಳ ಪ್ರಶ್ನೆಯ ಒಳಗೆ ಒಂದು ನಂಬಿಕೆ ಇತ್ತು, ಮತ್ತು ಅದು ಅವಳೊಬ್ಬಳದಲ್ಲ. ನಮ್ಮ ಮನಸ್ಸಿನಲ್ಲಿ ಪಥವೆಂದರೆ ರಸ್ತೆ. ರಸ್ತೆ ಮೊದಲೇ ಇರುತ್ತದೆ, ಬಸ್ಸು ಆಮೇಲೆ ಬರುತ್ತದೆ, ಚಾಲಕ ಬೇಕೆಂದಾಗ ತಿರುಗಿಸುತ್ತಾನೆ, ಬೇಡವೆಂದಾಗ ನಿಲ್ಲಿಸುತ್ತಾನೆ. ಆಕಾಶದಲ್ಲಿ ಹಾಗಿಲ್ಲ. ಅಲ್ಲಿ ಹಾದಿ ಹುಟ್ಟುವುದು ಹೋಗುವ ವಸ್ತುವಿನ ಜೊತೆಗೇ: ಈ ಕ್ಷಣದಲ್ಲಿ ಅದು ಎಲ್ಲಿದೆ, ಎತ್ತ ಕಡೆಗೆ ಎಷ್ಟು ವೇಗದಲ್ಲಿ ಹೊರಟಿದೆ, ಅದನ್ನು ಯಾವುದು ಎಷ್ಟು ಬಲವಾಗಿ ಎಳೆಯುತ್ತಿದೆ ಎಂಬ ಮೂರು ಸಂಗತಿಗಳಿಂದ ಮುಂದಿನ ಕ್ಷಣದ ಹಾದಿ ಮೂಡುತ್ತದೆ. ಈ ಒಂದು ಮಾತು ಮಕ್ಕಳ ಮನಸ್ಸಿಗೆ ಇಳಿದರೆ ಸೂತ್ರ ತಾನಾಗಿ ಹಿಂದೆ ಬರುತ್ತದೆ. ಇದು ಇಳಿಯದೆ ಸೂತ್ರವನ್ನಷ್ಟೇ ಕಲಿಸಿದರೆ ಅದು ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ.

ಇದನ್ನು ತೋರಿಸಲು ನಾನು ಮಕ್ಕಳನ್ನು ಶಾಲೆಯ ಕೈತೋಟಕ್ಕೆ ಕರೆದುಕೊಂಡು ಹೋದೆ. ಗಿಡಗಳಿಗೆ ನೀರು ಬಿಡುವ ಪೈಪಿನ ಬಾಯನ್ನು ನೆಲಮಟ್ಟದಲ್ಲಿ ಹಿಡಿದು, ಪಕ್ಕದಲ್ಲಿ ದೊಡ್ಡ ಕೋನಮಾಪಕ ಇಟ್ಟು, ಮೊದಲು 30 ಡಿಗ್ರಿ, ಆಮೇಲೆ 45, ಆಮೇಲೆ 60 ಡಿಗ್ರಿಗೆ ಎತ್ತಿಸಿದೆ. ಎಸೆದ ಕಲ್ಲಿನ ಪಥ ಕಣ್ಣಿಗೆ ಕಂಡು ಮರೆಯಾಗುತ್ತದೆ. ನೀರಿನದು ನಿಂತ ಚಿತ್ರದಂತೆ ಎದುರಿಗೇ ಇರುತ್ತದೆ, ಬೇಕಾದಷ್ಟು ಹೊತ್ತು ನೋಡಬಹುದು. 45 ಡಿಗ್ರಿಯಲ್ಲಿ ನೀರು ಎಲ್ಲಕ್ಕಿಂತ ದೂರ ಹೋಗಿ ಬಿತ್ತು. 30 ಮತ್ತು 60 ಡಿಗ್ರಿಗಳಲ್ಲಿ, ಒಂದು ತಗ್ಗಾಗಿ ಇನ್ನೊಂದು ಎತ್ತರವಾಗಿ ಹೋದರೂ, ಹೆಚ್ಚುಕಡಿಮೆ ಒಂದೇ ಜಾಗದ ಮಣ್ಣು ತೊಯ್ದದ್ದನ್ನು ನೋಡಿ ಮಕ್ಕಳಿಗೆ ಬಹಳ ಆಶ್ಚರ್ಯವಾಯಿತು. ಪೈಪಿನ ಬಾಯಿ ಬಿಟ್ಟ ಮೇಲೆ ಹನಿಯ ಮೇಲೆ ಪೈಪಿಗೆ ಯಾವ ಹಿಡಿತವೂ ಇಲ್ಲ, ಅದು ಎಲ್ಲಿ ಬೀಳಬೇಕೆಂಬುದು ಬಾಯಿ ಬಿಡುವಾಗಲೇ ತೀರ್ಮಾನವಾಗಿದೆ ಎಂದು ಅವರೇ ಕಂಡುಕೊಂಡರು. ಎಸೆದ ವಸ್ತುವಿನ ಹಾದಿ ಪರವಲಯವೆಂದು ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದ್ದನು ಎಂಬ ಮಾತನ್ನು ಹೇಳಲು ಅದೇ ಸರಿಯಾದ ಹೊತ್ತು.

ಇನ್ನು ಹುಡುಗಿಯ ಪ್ರಶ್ನೆಗೆ ಬರೋಣ. ಸುಮಾರು 3,900 ಕಿಲೋಗ್ರಾಂ ತೂಕದ ನೌಕೆಯನ್ನು ಒಂದೇ ಏಟಿಗೆ ಚಂದ್ರನವರೆಗೆ ದೂಡುವಷ್ಟು ಕಸುವು ನಮ್ಮ ರಾಕೆಟ್ಟಿಗೆ ಇರಲಿಲ್ಲ. ಆದುದರಿಂದ ಅದನ್ನು ಭೂಮಿಯ ಸುತ್ತ ಉದ್ದನೆಯ ದೀರ್ಘವೃತ್ತದಲ್ಲಿ ಬಿಟ್ಟು, ಹತ್ತಿರಕ್ಕೆ ಬಂದಾಗ ಎಂಜಿನ್ ಉರಿಸಿ ಮತ್ತಷ್ಟು ದೂರಕ್ಕೆ ಕಳಿಸಿದರು. ದೂರದಲ್ಲಿದ್ದಾಗ ಏಕೆ ಉರಿಸಲಿಲ್ಲ? ಉತ್ತರ ಕರ್ನಾಟಕದ ಮಕ್ಕಳಿಗೆ ಇದನ್ನು ತಿಳಿಸಲು ಪಂಚಮಿಯ ಜೋಕಾಲಿಗಿಂತ ಒಳ್ಳೆಯ ಸಾಧನವಿಲ್ಲ. ಜೋಕಾಲಿ ಕೆಳಕ್ಕೆ ಬಂದು ಅತಿ ವೇಗದಲ್ಲಿ ಹಾಯುವಾಗ, ಅದು ಹೋಗುವ ದಿಕ್ಕಿನಲ್ಲಿಯೇ ಕೊಟ್ಟ ನೂಕು ಅದನ್ನು ಆ ಬದಿಯಲ್ಲಿ ಮೇಲಕ್ಕೇರಿಸುತ್ತದೆ. ಮೇಲೆ ನಿಂತಂತಾಗಿರುವ ಗಳಿಗೆಯಲ್ಲಿ ಅಷ್ಟೇ ಬಲ ಹಾಕಿದರೂ ಅಷ್ಟು ಫಲವಿಲ್ಲ. ನೌಕೆಯೂ ಭೂಮಿಗೆ ಹತ್ತಿರ ಬಂದಾಗಲೇ ಅತಿ ವೇಗದಲ್ಲಿರುತ್ತದೆ. ಅಲ್ಲಿ ಸುಟ್ಟ ಇಂಧನ ಎದುರು ಬದಿಯ ದೂರವನ್ನು ಹೆಚ್ಚಿಸುತ್ತದೆ. ಜೋಕಾಲಿಗೆ ಹಗ್ಗವಿದೆ, ನೌಕೆಗೆ ಇಲ್ಲ, ಆದ್ದರಿಂದ ಈ ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಆ ವರ್ಷ ನಾಗರ ಪಂಚಮಿ ಆಗಸ್ಟ್ 21ಕ್ಕೆ ಬಂದಿತ್ತು, ಚಂದ್ರನ ಮೇಲೆ ಇಳಿಯುವುದಕ್ಕೆ ಎರಡೇ ದಿನ ಮುಂಚೆ.

ಪತ್ರಿಕೆಗಳಲ್ಲಿ ಬಂದ ಚಿತ್ರಗಳ ಬಗ್ಗೆ ನನಗೆ ಒಂದು ಆಕ್ಷೇಪವಿದೆ. ಅವುಗಳಲ್ಲಿ ಭೂಮಿ ಮತ್ತು ಚಂದ್ರ ಅಕ್ಕಪಕ್ಕದ ಎರಡು ಚೆಂಡುಗಳಂತೆ ಇರುತ್ತವೆ. ಕಾಗದದ ಅಗಲ ಸಾಲದು ಎಂಬುದು ನಿಜ, ಆದರೆ ಮಕ್ಕಳು ಅದನ್ನೇ ಅಳತೆ ಎಂದು ನಂಬುತ್ತಾರೆ. ನಾವು ಮೇಜಿನ ಮೇಲೆ ನಾಲ್ಕು ಸೆಂಟಿಮೀಟರ್ ಅಗಲದ ಒಂದು ನಿಂಬೆಹಣ್ಣು ಇಟ್ಟೆವು, ಅದು ಭೂಮಿ. ಆ ಲೆಕ್ಕದಲ್ಲಿ ಚಂದ್ರ ಒಂದು ದಪ್ಪ ಕಡಲೆಕಾಳು, ಮತ್ತು ಅದನ್ನು ಇಡಬೇಕಾದದ್ದು 120 ಸೆಂಟಿಮೀಟರ್ ದೂರದಲ್ಲಿ, ಅಂದರೆ ಮೇಜಿನ ಇನ್ನೊಂದು ತುದಿಯಲ್ಲಿ. ಜುಲೈ 20ರ 71,351 ಕಿಲೋಮೀಟರ್ ಎಂದರೆ ನಿಂಬೆಹಣ್ಣಿನಿಂದ ಒಂದು ಗೇಣು. ಜುಲೈ 25ರ ಅಂಕಿ ಒಂದು ಮೊಳಕ್ಕೆ ತುಸು ಕಡಿಮೆ. ಅಷ್ಟು ದಿನ ಸುತ್ತಿದ ಮೇಲೂ ಇನ್ನೂ ಎರಡು ಪಾಲು ದೂರ ಉಳಿದಿದೆ ಎಂದು ಕೈಯಿಂದ ಅಳೆದಾಗ ಮಕ್ಕಳು ಸುಮ್ಮನಾದರು.

ಆಗಸ್ಟ್ 1ರ ನಡುರಾತ್ರಿ ದಾಟಿದ ಮೇಲೆ ನೌಕೆಯನ್ನು ಚಂದ್ರನತ್ತ ದೂಡಿದರು. ಇಲ್ಲಿ ಇನ್ನೊಂದು ಸೊಗಸಾದ ಪಾಠವಿದೆ. ಗುರಿ ಇಟ್ಟದ್ದು ಆ ರಾತ್ರಿ ಚಂದ್ರ ಇದ್ದ ಜಾಗಕ್ಕಲ್ಲ, ಆಗಸ್ಟ್ 5ರ ಸಂಜೆ ಅವನು ಇರಬೇಕಾದ ಜಾಗಕ್ಕೆ. ಮನೆಯಲ್ಲಿ ಪಂಚಾಂಗ ನೋಡುವವರಿದ್ದರೆ ಮಕ್ಕಳಿಗೆ ಇದು ಗೊತ್ತಿರುತ್ತದೆ: ಚಂದ್ರ ದಿನಕ್ಕೆ ಹೆಚ್ಚುಕಡಿಮೆ ಒಂದು ನಕ್ಷತ್ರ ದಾಟುತ್ತಾನೆ. ಅಂದರೆ ಗುರಿ ನಾಲ್ಕೈದು ನಕ್ಷತ್ರಗಳಷ್ಟು ಮುಂದಕ್ಕೆ ಇತ್ತು. ಓಡುವ ಆಟಗಾರನಿಗೆ ಚೆಂಡು ಎಸೆಯುವವರು ಮಾಡುವುದೂ ಇದನ್ನೇ.

ಚಂದ್ರನನ್ನು ತಲುಪಿದ ಮೇಲೆ ಅಂಕಿಗಳು ಇಳಿಯತೊಡಗಿದವು: ಚಂದ್ರನಿಂದ ಅತಿ ದೂರದ ಬಿಂದು 18,074 ಕಿಲೋಮೀಟರ್, 4,313, 1,437, 179. ಆಗಸ್ಟ್ 20ರಂದು ಇಳಿಯುವ ಘಟಕದ ಪಥ ಒಂದು ಕಡೆ 25, ಇನ್ನೊಂದು ಕಡೆ 134 ಕಿಲೋಮೀಟರಿಗೆ ಬಂತು. ಅದಕ್ಕೆ ಹಿಂದಿನ ದಿನ, ಆಗಸ್ಟ್ 19ರಂದು, ರಷ್ಯಾದ ಲೂನಾ-25 ನೌಕೆ ಚಂದ್ರನಿಗೆ ಅಪ್ಪಳಿಸಿತ್ತು. ಇಳಿಯುವ ಮುನ್ನ ಪಥವನ್ನು ಬದಲಿಸಲು 84 ಸೆಕೆಂಡು ಉರಿಯಬೇಕಾಗಿದ್ದ ಎಂಜಿನ್ 127 ಸೆಕೆಂಡು ಉರಿಯಿತೆಂದು ಅಲ್ಲಿನ ಬಾಹ್ಯಾಕಾಶ ಸಂಸ್ಥೆ ತಿಳಿಸಿತು. ನಾನು ತರಗತಿಯಲ್ಲಿ ಗಡಿಯಾರ ನೋಡುತ್ತ 43 ಸೆಕೆಂಡು ಸುಮ್ಮನೆ ನಿಂತೆ. ವರ್ಷಗಟ್ಟಲೆ ದುಡಿದ ಜನರ ನೌಕೆ ಇಷ್ಟು ಹೊತ್ತಿನ ವ್ಯತ್ಯಾಸಕ್ಕೆ ಹೋಯಿತು ಎಂದಾಗ ಮಕ್ಕಳ ಮುಖದಲ್ಲಿ ಕಂಡ ದುಃಖ ನಿಜವಾದದ್ದು. ಎಂಜಿನ್ ವೇಗವನ್ನು ಬೇಕಾದುದಕ್ಕಿಂತ ಹೆಚ್ಚು ತಗ್ಗಿಸಿದಾಗ ಚಂದ್ರನನ್ನು ತಪ್ಪಿಸಿಕೊಂಡು ಸುತ್ತಬೇಕಾದ ಪಥ ಚಂದ್ರನ ನೆಲವನ್ನೇ ಮುಟ್ಟುವ ಪಥವಾಯಿತು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ನಮ್ಮ ಚಂದ್ರಯಾನ-2ರ ಇಳಿಯುವ ಘಟಕ ವಿಕ್ರಮ್ ಕೂಡ ನಿಗದಿಯಾದ ಪಥದಿಂದ ಸರಿದು ಕೈತಪ್ಪಿತ್ತು. ಬೆಂಗಳೂರಿನ ನಿಯಂತ್ರಣ ಕೇಂದ್ರದ ಪರದೆಯ ಮೇಲೆ ಆ ಚುಕ್ಕೆ ಗೆರೆಯನ್ನು ಬಿಟ್ಟು ಸರಿದದ್ದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಇರಬೇಕಾದ ಹಾದಿ ಒಂದು, ಆಗುತ್ತಿರುವ ಹಾದಿ ಇನ್ನೊಂದು ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ತೋರಿಸುವ ಚಿತ್ರ ನನಗೆ ಸಿಕ್ಕಿಲ್ಲ.

ಬಾಹ್ಯಾಕಾಶದ ಸುದ್ದಿ ಇಲ್ಲದ ದಿನಗಳಲ್ಲಿ ಆಟದ ಮೈದಾನವಿದೆ. 2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ 86.18 ಮೀಟರ್ ದೂರ ಭರ್ಜಿ ಎಸೆದು ಗೆದ್ದರು. ಭರ್ಜಿಯನ್ನು 45 ಡಿಗ್ರಿಗಿಂತ ತಗ್ಗಾಗಿಯೇ ಏಕೆ ಎಸೆಯುತ್ತಾರೆ ಎಂಬ ಪ್ರಶ್ನೆ ಕೈತೋಟದ ಪಾಠಕ್ಕೆ ಒಳ್ಳೆಯ ಮುಂದುವರಿಕೆ: ಭರ್ಜಿ ಹೊರಡುವುದು ನೆಲದಿಂದಲ್ಲ, ಭುಜದ ಮೇಲಿಂದ, ಅದನ್ನು ಗಾಳಿಯೂ ಎತ್ತುತ್ತದೆ, ಜೊತೆಗೆ ಮನುಷ್ಯನ ತೋಳು ತಗ್ಗಿನ ಕೋನದಲ್ಲಿ ಹೆಚ್ಚಿನ ವೇಗ ಕೊಡಬಲ್ಲದು.

ಪಥವನ್ನು ತಿಳಿಯುವುದು ಎಷ್ಟು ಕಷ್ಟ ಎಂಬುದನ್ನು ಕಲಿಸಿದ್ದು 2024 ವೈಆರ್4 ಎಂಬ ಕ್ಷುದ್ರಗ್ರಹ. 2024ರ ಡಿಸೆಂಬರ್ 27ರಂದು ಕಣ್ಣಿಗೆ ಬಿದ್ದ ಅದು 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ ಮೊದಲು ಶೇಕಡಾ ಒಂದರ ಸುಮಾರಿಗೆ ಇತ್ತು, 2025ರ ಫೆಬ್ರವರಿಯಲ್ಲಿ 3.1ಕ್ಕೆ ಏರಿತು, ಆಮೇಲೆ ಕೆಲವೇ ದಿನಗಳಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ವಿಜ್ಞಾನಿಗಳು ಮಾತು ಬದಲಿಸಿದರು ಎಂದು ಹಲವರು ಬೇಸರಪಟ್ಟರು. ಅದು ಹಾಗಲ್ಲ. ನೂರು ಮನೆಗಳ ಓಣಿಗೆ ಒಬ್ಬ ಅತಿಥಿ ಬರುತ್ತಾನೆ, ಯಾರ ಮನೆಗೆಂದು ಗೊತ್ತಿಲ್ಲ ಎಂದುಕೊಳ್ಳಿ. ನಿಮ್ಮ ಮನೆಗೆ ಬರುವ ಸಾಧ್ಯತೆ ನೂರರಲ್ಲಿ ಒಂದು. ಇನ್ನಷ್ಟು ವಿಚಾರಿಸಿದಾಗ ಮೂವತ್ತೆರಡು ಮನೆಗಳು ಉಳಿದವು, ನಿಮ್ಮದು ಅದರಲ್ಲಿದೆ. ಸಾಧ್ಯತೆ ನೂರರಲ್ಲಿ ಮೂರಕ್ಕೆ ಏರಿತು. ಮತ್ತೂ ವಿಚಾರಿಸಿದಾಗ ಅವನು ಬರುವುದು ಓಣಿಯ ಆಚೆ ತುದಿಯ ಹತ್ತು ಮನೆಗಳಲ್ಲಿ ಒಂದಕ್ಕೆ ಎಂದು ತಿಳಿಯಿತು. ನಿಮ್ಮ ಸಾಧ್ಯತೆ ಸೊನ್ನೆ. ಅತಿಥಿಯ ಹಾದಿ ಒಮ್ಮೆಯೂ ಬದಲಾಗಲಿಲ್ಲ, ನಮ್ಮ ತಿಳಿವಳಿಕೆ ಮಾತ್ರ ಬಿಗಿಯಾಯಿತು. ಅರಬ್ಬಿ ಸಮುದ್ರದ ಚಂಡಮಾರುತಗಳ ನಕ್ಷೆಯಲ್ಲಿ ಮುಂದಿನ ದಿನಗಳಿಗೆ ಹೋದಂತೆ ಅಗಲವಾಗುವ ಆಕಾರವನ್ನೂ ಮಕ್ಕಳು ಹೀಗೆಯೇ ಓದಬೇಕು, ಆದರೆ ಒಂದು ಭೇದವಿದೆ: ಸುತ್ತಲಿನ ಗಾಳಿ ಬದಲಾದಂತೆ ಚಂಡಮಾರುತದ ಹಾದಿಯೂ ನಿಜವಾಗಿಯೇ ಹೊರಳುತ್ತದೆ.

ಮತ್ತೆ 2023ಕ್ಕೆ ಬರೋಣ. ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ಇಳಿಯುವ ಘಟಕ, ಅದರ ಹೆಸರೂ ವಿಕ್ರಮ್, ಚಂದ್ರನ ಮೇಲೆ ಇಳಿಯಿತು. ಅದನ್ನು ಅಲ್ಲಿಯವರೆಗೆ ಹೊತ್ತು ತಂದಿದ್ದ ನೋದನ ಘಟಕ ಮಾತ್ರ ಚಂದ್ರನನ್ನು ಸುತ್ತುತ್ತಲೇ ಇತ್ತು. ಉಳಿದ ಇಂಧನವನ್ನು ಬಳಸಿ, ಅಕ್ಟೋಬರ್ 13ರಂದು ಎಂಜಿನ್ ಉರಿಸಿ, ಅದನ್ನು ಭೂಮಿಯತ್ತ ತಿರುಗಿಸಿದರು ಎಂದು ಡಿಸೆಂಬರಿನಲ್ಲಿ ಇಸ್ರೋ ಪ್ರಕಟಿಸಿತು. ನವೆಂಬರ್ 22ರಂದು ಅದು ಭೂಮಿಯಿಂದ 1.54 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಗಿತ್ತು. ಆ ಪತ್ರಿಕೆಯನ್ನು ತರಗತಿಗೆ ತಂದವಳು ಅದೇ ಹುಡುಗಿ. ನಿಂಬೆಹಣ್ಣು ಒಣಗಿಹೋಗಿತ್ತು, ಕಡಲೆಕಾಳು ಇನ್ನೂ ಇತ್ತು. ಅವಳು ಕಡಲೆಕಾಳಿನಿಂದ ಸುಣ್ಣದ ಕಡ್ಡಿಯಲ್ಲಿ ಒಂದು ಬಾಗಿದ ಗೆರೆ ಎಳೆಯುತ್ತ ಬಂದು, ನಿಂಬೆಹಣ್ಣಿಗೆ ಒಂದು ಮೊಳ ದೂರವಿರುವಲ್ಲಿ ಅದನ್ನು ಹೊರಳಿಸಿ, ಅಲ್ಲಿ ತಾರೀಖು ಬರೆದಳು.

ನಮಸ್ಕಾರ.