ಅಂಚಿನ ಜಟಿಲತೆಯನ್ನು ಅಳೆಯುವುದು

ಗೋವೆಯ ಕನ್ನಡ ಕೇಳುಗರಿಗೆ ನಮಸ್ಕಾರ.

ಹಳೆ ಗೋವೆಯಿಂದ ಫೆರಿ ಹತ್ತಿ ದಿವಾಡಿ ದ್ವೀಪಕ್ಕೆ ಹೋದವರು ಅಲ್ಲಿನ ಖಾಜನ್ ಗದ್ದೆಗಳನ್ನು, ಅಂದರೆ ಏರಿ ಕಟ್ಟಿ ಉಬ್ಬರದ ನೀರನ್ನು ಹತೋಟಿಯಲ್ಲಿಟ್ಟ ಗದ್ದೆಗಳನ್ನು, ನೋಡಿರುತ್ತೀರಿ. ನಮ್ಮ ಕುಮಟೆಯ ಕಡೆ ಇವನ್ನೇ ಗಜನಿ ಎನ್ನುತ್ತೇವೆ. ಇಂಥ ಗದ್ದೆಗಳ ಗಡಿಯನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಅಲ್ಲಿ ಒಂದೊಂದು ಗದ್ದೆಯೂ ಬಿಂದುಗಳನ್ನು ಗೆರೆಗಳಿಂದ ಕೂಡಿಸಿದ ಒಂದು ಬಹುಭುಜ.

ಯಾವ ಬಹುಭುಜ ಹೆಚ್ಚು ಜಟಿಲ? ಬಿಂದುಗಳನ್ನು ಎಣಿಸಿದರೆ ಸಾಕೆಂದು ಮೊದಲು ನಂಬಿದ್ದೆ. ಆದರೆ ದುಂಡು ಕೆರೆಯ ದಂಡೆಗೆ ಸಾವಿರ ಬಿಂದು ಇಟ್ಟರೂ ಅದು ದುಂಡು ಕೆರೆಯೇ.

1995ರಲ್ಲಿ ಜರ್ಮನಿಯ ಥಾಮಸ್ ಬ್ರಿಂಕ್‌ಹಾಫ್ ಮತ್ತು ಸಂಗಡಿಗರು ಬೇರೆ ದಾರಿ ತೋರಿಸಿದರು. ಆಕೃತಿಯ ಸುತ್ತ ಹಗ್ಗ ಬಿಗಿಯಿರಿ. ಪಪ್ಪಾಯಿ ಎಲೆಗೆ ಬಿಗಿದರೆ ಸೀಳುಗಳ ನಡುವೆ ಖಾಲಿ ಜಾಗ ಉಳಿಯುತ್ತದೆ. ಅದು ವಿಸ್ತೀರ್ಣದ ಕೊರತೆ. ಹಲಸಿನ ಹಣ್ಣಿಗೆ ಬಿಗಿದರೆ ಜಾಗ ಅಷ್ಟೇನೂ ಉಳಿಯದು, ಆದರೆ ಮುಳ್ಳುಗಳನ್ನು ಹತ್ತಿ ಇಳಿಯುವ ಅಂಚು ಹಗ್ಗಕ್ಕಿಂತ ಉದ್ದ. ಅದು ಅಂಚಿನ ಹೆಚ್ಚಳ.

ನನಗೆ ಬಹಳ ಹಿಡಿಸಿದ್ದು ಮೂರನೆಯ ಅಳತೆ: ಒಳಮುಖ ಮೂಲೆಗಳ ಪಾಲು. ಅವು ಹೆಚ್ಚಿದಷ್ಟೂ ಜಟಿಲತೆ ಹೆಚ್ಚುತ್ತದೆಯೇ? ಇಲ್ಲ. ಮೂರು ಕೊಡಗಳನ್ನು ಒತ್ತಾಗಿ ಇಟ್ಟು ನಡುವಿನ ಸಂದನ್ನು ಮೇಲಿನಿಂದ ನೋಡಿ. ಮೂರು ತುದಿಗಳನ್ನು ಬಿಟ್ಟರೆ ಎಲ್ಲವೂ ಒಳಬಾಗು, ಆದರೂ ಅಂಚು ನುಣುಪು. ಸುಮಾರು ಅರ್ಧ ಮೂಲೆಗಳು ಒಳಗೆ, ಅರ್ಧ ಹೊರಗೆ ತಿರುಗಿದಾಗಲೇ ಅಂಚು ಗರಗಸವಾಗಬಲ್ಲದು. ಅವರ ಸೂತ್ರದಲ್ಲಿ ಈ ಅಳತೆ ಶಿಖರ ಮುಟ್ಟುವುದೂ ಅಲ್ಲಿಯೇ. ಇದನ್ನು ಅಂಚಿನ ಹೆಚ್ಚಳದೊಡನೆ ಗುಣಿಸಿ 0.8 ತೂಕ ಕೊಟ್ಟರು. ವಿಸ್ತೀರ್ಣದ ಕೊರತೆಗೆ 0.2.

ಈ ತೂಕವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಂದು ಬಿಂದು ಯಾವ ಬಹುಭುಜದೊಳಗಿದೆ ಎಂದು ಹುಡುಕುವಾಗ ದತ್ತಸಂಚಯವು (ಡೇಟಾಬೇಸ್) ಸಾಮಾನ್ಯವಾಗಿ ಮೊದಲು ನೋಡುವುದು ಬಹುಭುಜವನ್ನು ಸುತ್ತುವರಿದ ಆಯತವನ್ನು. ಜುವಾರಿ ನದಿಯ ಹಿನ್ನೀರಿನಂತೆ ಕವಲೊಡೆದ ಆಕೃತಿಗೆ ಆ ಆಯತದ ಬಹುಪಾಲು ಬರಿದು. ಅಲ್ಲಿ ಬಿದ್ದ ಪ್ರತಿ ಬಿಂದುವನ್ನೂ ಮತ್ತೆ ಅಂಚಿನೊಡನೆ ಹೋಲಿಸಿ ಹೊರಹಾಕಬೇಕು. ಗೋವೆಯ ನಕ್ಷೆಗಾದರೆ ಕೊರತೆಗೆ ಹೆಚ್ಚು ತೂಕ ಕೊಡುತ್ತೇನೆ.

ಜಟಿಲ ಆಕೃತಿಗಳಿಗೆಲ್ಲ ಪರಿಹಾರವೂ ಒಂದೇ ಅಲ್ಲ. ಪಪ್ಪಾಯಿ ಎಲೆಯಂಥದನ್ನು ತುಂಡು ಮಾಡಿ ಇಡಬೇಕು; ನಕ್ಷೆಗಳ ದತ್ತಸಂಚಯ ತಂತ್ರಾಂಶವಾದ ಪೋಸ್ಟ್‌ಜಿಐಎಸ್‌ನಲ್ಲಿ ಅದಕ್ಕೆ ಸಿದ್ಧ ಆಜ್ಞೆಯಿದೆ. ಹಲಸಿನಂಥದರ ಬಿಂದುಗಳನ್ನು 1973ರ ಡಗ್ಲಸ್–ಪ್ಯೂಕರ್ ವಿಧಾನದಿಂದ ಕಡಿಮೆ ಮಾಡಬಹುದು. ಹಾಗೆ ಮಾಡುವ ಮುನ್ನ ಏರಿಯಲ್ಲಿ ತೂಬು ಇರುವ ಸಣ್ಣ ತಿರುವುಗಳನ್ನು ಕೈಯಾರೆ ಗುರುತಿಟ್ಟುಕೊಳ್ಳುತ್ತೇನೆ. ಉಬ್ಬರದ ನೀರು ಗದ್ದೆಗೆ ಬರುವುದು ಅಲ್ಲಿಂದ.